ಬಾಲಕ್ಕೆ ಜಾಗ ಬಿಟ್ಟ ಕೋಟು

ಹೊಸ ಫೋನು ಕೈಗೆ ಬಂದ ದಿನ ದರ್ಜಿ ಕತ್ತರಿಯನ್ನು ಖಡ್ಗದಂತೆ ಎತ್ತಿ ಹಿಡಿದು ಹೆಂಡತಿಯ ಮುಂದೆ ಪ್ರತಿಜ್ಞೆ ಮಾಡಿದ. "ನೋಡ್ತಿರು ಕಣೇ. ಇದರ ನೆಟ್‌ವರ್ಕು ಗಾಳಿಗಿಂತ ಜೋರು. ಇನ್ಮೇಲೆ ನೋಡೋದೆಲ್ಲ ಚಿಟಿಕೆ ಹೊಡೆಯೋಷ್ಟರಲ್ಲಿ ಮುಗಿಯುತ್ತೆ. ಉಳಿದ ಹೊತ್ತೆಲ್ಲ ಹೊಲಿಗೆಗೆ."

ಅಂಗಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ನೋಡೋಣ" ಎಂದಳು.

ಹಳೆಯ ಫೋನಿನಲ್ಲಿ ಒಂದು ವಿಡಿಯೊ ತೆರೆಯುವಷ್ಟರಲ್ಲಿ ಅವನು ಒಂದು ಕಾಲರು ಹೊಲಿದು ಮುಗಿಸುತ್ತಿದ್ದ. ಇದು ಮುಟ್ಟಿದರೆ ಸಾಕು, ತೆರೆಯುತ್ತಿತ್ತು. ತೆರೆದದ್ದನ್ನು ನೋಡದೆ ಬಿಡುವುದು ಮರ್ಯಾದೆಯಲ್ಲವಲ್ಲ! ಆನೆಗೆ ಸ್ನಾನ ಮಾಡಿಸುವುದು, ಬಾವಿಗೆ ಬಿದ್ದ ಬೆಕ್ಕನ್ನು ಮೇಲೆತ್ತುವುದು, ಹಿಮದಲ್ಲಿ ಮನೆ ಕಟ್ಟುವುದು, ಎಲ್ಲದರಲ್ಲೂ ಪಂಡಿತನಾದ. ಹೊಲಿಯಬೇಕಾದ ಬಟ್ಟೆ ಮಾತ್ರ ಗುಡ್ಡೆ ಬಿತ್ತು.

"ಬೇಗ ಮುಗಿಯುತ್ತೆ ಅಂದ್ರಲ್ಲ?"

"ಬೇಗ ಮುಗೀತಾ ಇದೆಯಲ್ಲೇ. ಅದಕ್ಕೇ ಮುಂದಿನದು ಬರ್ತಿದೆ."

"ನಲ್ಲಿ ದೊಡ್ಡದಾದ್ರೆ ಬಿಂದಿಗೆ ಬೇಗ ತುಂಬಬೇಕು. ನಿಮ್ಮದು ತೂತು ಬಿಂದಿಗೆ."

ಹೀಗಿರುವಾಗ ಹೆಂಡತಿಯ ತಮ್ಮ ಬಂದ. ಅವನ ಎತ್ತರ ನೋಡಿ ಎಲ್ಲರೂ ಕಂಬ ಎಂದೇ ಕರೆಯುತ್ತಿದ್ದರು. ಕೆಲಸಕ್ಕಾಗಿ ಅಲೆದಲೆದು ಚಪ್ಪಲಿ ಸವೆದ ಮೇಲೆ ದೊಡ್ಡ ಹೋಟೆಲೊಂದು ಅವನನ್ನು ಸಂದರ್ಶನಕ್ಕೆ ಕರೆದಿತ್ತು. ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸ. ಸಂದರ್ಶನ ಮರುದಿನ, ವಿಡಿಯೊ ಕಾಲ್‌ನಲ್ಲಿ. ಕೋಟು ಕಡ್ಡಾಯ. ಅವನ ಅಳತೆಯ ಕೋಟು ಯಾರಲ್ಲೂ ಎರವಲು ಸಿಗುವಂತಿರಲಿಲ್ಲ. ಬಟ್ಟೆ ಹುಡುಕಿ ತಂದಿದ್ದ.

"ಭಾವ, ಈ ಕೆಲಸ ಕೈತಪ್ಪಿದ್ರೆ ನನಗೆ ಬೇರೆ ದಾರಿ ಇಲ್ಲ."

"ಕೋಟೂ ನಂದೇ, ಫೋನೂ ನಂದೇ. ನಿಶ್ಚಿಂತೆಯಾಗಿ ನಿದ್ದೆ ಮಾಡು ಹೋಗು."

ನಿಜ ಹೇಳಬೇಕೆಂದರೆ ದರ್ಜಿ ಜನ್ಮದಲ್ಲಿ ಅಂಗಿ, ಪ್ಯಾಂಟು ಬಿಟ್ಟು ಬೇರೇನೂ ಹೊಲಿದವನಲ್ಲ. ಆದರೆ ಫೋನಿನಲ್ಲಿ ಇಲ್ಲದ ವಿದ್ಯೆ ಯಾವುದು? ಹೊಲಿಗೆ ಕಲಿಸುವ ಮೇಷ್ಟ್ರೊಬ್ಬರ ವಿಡಿಯೊ ಹಚ್ಚಿ, ಫೋನನ್ನು ಮೇಜಿನ ಮೇಲೆ ಒರಗಿಸಿ, ಕಣ್ಣು ಬಟ್ಟೆಯ ಮೇಲೆ, ಕಿವಿ ಮೇಷ್ಟ್ರ ಮೇಲೆ ಇಟ್ಟು ಕತ್ತರಿ ಆಡಿಸಿದ. ಹಳೆಯ ಫೋನಾಗಿದ್ದರೆ ನಡುನಡುವೆ ಚಕ್ರ ತಿರುಗುತ್ತ ನಿಲ್ಲುತ್ತಿತ್ತು; ಆ ಬಿಡುವಿನಲ್ಲಿ ಅವನು ಇನ್ನೊಮ್ಮೆ ಅಳತೆ ನೋಡಿಕೊಳ್ಳುತ್ತಿದ್ದ. ಇದಕ್ಕೆ ನಿಲ್ಲುವುದೇ ಗೊತ್ತಿಲ್ಲ. ಒಂದು ವಿಡಿಯೊ ಮುಗಿದು ಇನ್ನೊಂದು ಶುರುವಾದದ್ದು ಅವನಿಗೆ ತಿಳಿಯಲೇ ಇಲ್ಲ. ಅದೇ ಮೇಷ್ಟ್ರು, ಅದೇ ದನಿ.

"ತೋಳು ಗಿಡ್ಡ ಇರಲಿ, ಓಡಾಡಲು ಸಲೀಸು" ಎಂದರು ಮೇಷ್ಟ್ರು.

ಹೋಟೆಲಿನಲ್ಲಿ ಓಡಾಟ ಜಾಸ್ತಿಯೇ ಎಂದುಕೊಂಡು ದರ್ಜಿ ಕತ್ತರಿಸಿದ.

"ಬೆನ್ನಿನ ಕೆಳಭಾಗವನ್ನು ಗುಂಡಗೆ ಕತ್ತರಿಸಿ."

ಹೊಸ ಫ್ಯಾಷನ್ನು ಎಂದುಕೊಂಡು ಅದನ್ನೂ ಕತ್ತರಿಸಿದ.

"ಈಗ ಬಾಲ ಆರಾಮಾಗಿ ಅಲ್ಲಾಡುತ್ತದೆ."

ದರ್ಜಿ ತಲೆ ಎತ್ತಿದ. ಪರದೆಯ ಮೇಲೆ ನಾಯಿಯೊಂದು ಚೆಂದದ ಕೋಟು ತೊಟ್ಟು ಅವನನ್ನೇ ನೋಡುತ್ತಿತ್ತು.

ಹೆಂಡತಿ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ನನ್ನ ತಮ್ಮನಿಗೆ ಎಲ್ಲ ಕೊಟ್ಟ ದೇವರು ಇದೊಂದನ್ನ ಕೊಟ್ಟಿಲ್ವಲ್ರೀ" ಎಂದಳು.

ಅಂಥ ಬಟ್ಟೆ ಮತ್ತೆ ಸಿಗಲಿಲ್ಲ. ಅವಳೇ ಕೂತು ಇದ್ದದ್ದನ್ನು ಜೋಡಿಸಿ ಹೊಲಿದಳು. ಎದುರಿನಿಂದ ನೋಡಿದರೆ ಕೋಟು. ಹಿಂದಿನಿಂದ ದೇವರೇ ಗತಿ. ಮರುದಿನ ಕಂಬ ಅದನ್ನು ತೊಟ್ಟು ಅಂಗಡಿಯ ಗೋಡೆಗೆ ಬೆನ್ನು ಹಚ್ಚಿ ಕೂತ.

"ಕೈ ಮೇಜಿನ ಕೆಳಗೇ ಇರ್ಲಿ. ಏನಾದ್ರೂ ಆಗ್ಲಿ, ಏಳ್ಬೇಡ" ಎಂದಳು ಅಕ್ಕ.

ಹೋಟೆಲಿನ ಮೇಡಂ ಕೇಳಿದ್ದಕ್ಕೆಲ್ಲ ಕಂಬ ಸೊಗಸಾಗಿ ಉತ್ತರಿಸಿದ. ಮೇಡಂ ಮುಖ ಅರಳಿತು. "ತುಂಬ ಚೆನ್ನಾಗಿ ಮಾತಾಡ್ತೀರಿ. ಈಗ ಎದ್ದು, ಅತಿಥಿಗಳನ್ನ ರೂಮಿಗೆ ಕರ್ಕೊಂಡು ಹೋಗೋ ಹಾಗೆ ನಾಲ್ಕು ಹೆಜ್ಜೆ ನಡೆದು ತೋರಿಸಿ."

ಪರದೆಗೆ ಕಾಣದಂತೆ ಮೂಲೆಯಲ್ಲಿ ನಿಂತಿದ್ದ ದರ್ಜಿ ಕಣ್ಣು ಮುಚ್ಚಿದ. ಭಗವಂತಾ, ಈ ನೆಟ್‌ವರ್ಕು ಒಂದೇ ಒಂದು ಸಲ ಕೈಕೊಡಲಿ! ಅದು ಕೈಕೊಡಲಿಲ್ಲ. ಕಂಬ ಎದ್ದ, ಮೊಣಕೈವರೆಗಿನ ತೋಳನ್ನು ಮುಂದೆ ಚಾಚಿ, "ಹೀಗೆ ಬನ್ನಿ ಸಾರ್" ಎಂದು ನಗುತ್ತ ತಿರುಗಿ ನಡೆದ. ಒಂದೊಂದು ಹೊಲಿಗೆಯೂ ಕನ್ನಡಿಯಲ್ಲಿ ಕಂಡಂತೆ ಮೇಡಂಗೆ ಕಂಡಿತು.

ಆ ಕಡೆ ಮೇಡಂ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು.

"ಯಾರ್ರೀ ಹೊಲಿದದ್ದು?"

"ನಮ್ಮ ಭಾವ, ಮೇಡಂ. ಪ್ರೀತಿಯಿಂದ ಹೊಲಿದಿದ್ದಾರೆ" ಎಂದ ಕಂಬ, ನಗೆ ಕುಂದದಂತೆ.

"ನಾಳೆಯಿಂದ್ಲೇ ಬನ್ನಿ. ಯೂನಿಫಾರಂ ನಾವೇ ಕೊಡ್ತೀವಿ."

ಕಾಲ್ ಮುಗಿದದ್ದೇ ತಡ, ದರ್ಜಿ ಎದೆಯುಬ್ಬಿಸಿ ಮೂಲೆಯಿಂದ ಹೊರಬಂದ. "ನೋಡ್ದೇನೇ? ನನ್ನ ಕೋಟಿನಿಂದಲೇ ಕೆಲಸ ಸಿಕ್ತು."

"ಹೌದ್ರೀ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ಅದನ್ನ ಹಾಕ್ಕೊಂಡ ಮೇಲೂ ನಿಮ್ಮನ್ನ ಭಾವ ಅಂತ್ಲೇ ಕರೆದ್ನಲ್ಲ, ಆ ತಾಳ್ಮೆ ನೋಡಿ ಕೊಟ್ರು."