ಖಾಲಿ ತೊಟ್ಟಿಲು ತೂಗಿದ ತಪ್ಪಿಗೆ

ಬೇರೆಯವರ ಮಗುವಿನ ಅಳು ನಿಲ್ಲಿಸುವ ಉಪಾಯ ಗೊತ್ತಿಲ್ಲದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಬಸ್ಸಿನ ಕಂಡಕ್ಟರಿಗೆ ಗೊತ್ತು, ಕಟಿಂಗ್ ಅಂಗಡಿಯವನಿಗೆ ಗೊತ್ತು, ಇನ್ನೂ ಮದುವೆಯೇ ಆಗದ ನಮ್ಮ ಶಾಲೆಯ ಡ್ರಿಲ್ ಮಾಸ್ತರಿಗೂ ಗೊತ್ತು. ಗೊತ್ತಿಲ್ಲದಿರುವುದು ಆ ಮಗುವಿನ ಅಪ್ಪನಿಗೆ ಮಾತ್ರ. ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಗದ್ದಲವನ್ನು ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿ ಅಡಗಿಸಬಲ್ಲೆ. ಆ ಹೆಮ್ಮೆಯಲ್ಲಿದ್ದವನು ಮಗಳು ಹುಟ್ಟಿದ ಮೇಲೆ ಅವಳ ಮುಂದೆಯೂ ಒಮ್ಮೆ ಕೆಮ್ಮಿ ನೋಡಿದೆ. ಅದುವರೆಗೆ ಸಣ್ಣಗೆ ಅಳುತ್ತಿದ್ದವಳು ಆಮೇಲೆ ಮನಸ್ಸಿಟ್ಟು ಅಳತೊಡಗಿದಳು.

ಬಾಣಂತನ ಹರಿಹರದಲ್ಲಿ, ಹೆಂಡತಿ ಶೈಲಾಳ ತವರಿನಲ್ಲಿ. ಶಾಲೆಯ ಗಂಟೆ ಹೊಡೆದದ್ದೇ ತಡ, ನಾನು ಬಸ್ಸು ಹತ್ತಿ ಹರಿಹರಕ್ಕೆ ಓಡುತ್ತಿದ್ದೆ. ಮಗಳು ಹಗಲೆಲ್ಲ ಬಂಗಾರದಂಥ ಕೂಸಂತೆ. ಕುಡಿಯುವುದು, ಮಲಗುವುದು, ಎದ್ದು ಆಕಳಿಸುವುದು. ಹೊತ್ತು ಮುಳುಗಿ ಮನೆಯ ದೀಪ ಹಾಕುತ್ತಿದ್ದಂತೆ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಶುರು ಮಾಡುವಳು. ನಾನು ಚಪ್ಪಲಿ ಬಿಡುವ ಹೊತ್ತೂ ಅದೇ. ಹೀಗಾಗಿ ನನ್ನ ಬಸ್ಸು ಬಂದದ್ದು ಕೂಸಿಗೆ ಹೆಂಗೋ ತಿಳಿದುಬಿಡುತ್ತದೆ ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು. ಮಕ್ಕಳ ಡಾಕ್ಟರು ನೋಡಿ, ಇದಕ್ಕೆ ಕಾಲಿಕ್ ಅಂತಾರೆ, ಹಾಲು ಚೆನ್ನಾಗಿ ಕುಡಿಯುತ್ತಿದ್ದಾಳೆ, ತೂಕ ಏರುತ್ತಿದೆ, ಗಾಬರಿ ಬೇಡ, ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಹೋಗುತ್ತದೆ, ಎದೆಹಾಲು ಬಿಟ್ಟು ಬಾಯಿಗೆ ಬೇರೇನೂ ಹಾಕಬೇಡಿ ಎಂದರು. ನಾವು ಸಮಾಧಾನವಾಗಿ ಹೊರಗೆ ಬಂದೆವು. ತಿಂಗಳುಗಳು ಎನ್ನುವುದು ಡಾಕ್ಟರ ಬಾಯಲ್ಲಿ ಎಷ್ಟು ಚಿಕ್ಕದಾಗಿರುತ್ತದೆ ಎಂದು ಅವತ್ತು ಸಂಜೆ ಗೊತ್ತಾಯಿತು.

ಔಷಧಿ ಇಲ್ಲದ ಕಾಯಿಲೆಗೇ ಔಷಧಿ ಹೆಚ್ಚು. ಅತ್ತೆ ಇಂಗು ತೇಯ್ದು ಹೊಕ್ಕುಳ ಸುತ್ತ ಹಚ್ಚಿದರು. ಸಾರಥಿ ಎಂಬ ಹತ್ತಿರದ ಹಳ್ಳಿಯಲ್ಲಿದ್ದ ಅವರ ಅಕ್ಕ ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗಿ ಬಂದು ಒಂದು ಕಪ್ಪು ದಾರ ಕಳಿಸಿಕೊಟ್ಟರು. ಪಕ್ಕದ ಮನೆಯ ನೂರ್‌ಜಾನ್ ಅವರು ಮೊಮ್ಮಕ್ಕಳ ಪಡೆಯನ್ನೇ ಸಾಕಿದವರು. ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿಕೊಂಡು ಅಂಗಳದಲ್ಲಿ ಸುತ್ತಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಅದನ್ನು ನೋಡಿಯೇ ಕಲಿತು ನಾನೂ ಹಾಗೆಯೇ ಎತ್ತಿಕೊಂಡೆ. ಅಳು ಇಮ್ಮಡಿಯಾಯಿತು. ನನ್ನ ಪಾಲಿನ ಶಾಸ್ತ್ರ ಮೊಬೈಲಿನಲ್ಲಿತ್ತು. ಒಂದೇ ಸಮನೆ ಬರುವ ಸದ್ದಿಗೆ ಮಕ್ಕಳು ಸುಮ್ಮನಾಗುತ್ತವೆ ಎಂದು ಅದರಲ್ಲಿ ಓದಿ, ಅಡುಗೆಮನೆಯ ಮಿಕ್ಸಿಯನ್ನು ಬಾಣಂತಿ ಕೋಣೆಗೆ ತಂದು ಖಾಲಿ ಜಾರಿನಲ್ಲಿ ತಿರುಗಿಸಿದೆ. ಮಗಳು ಕಣ್ಣರಳಿಸಿ ಸುಮ್ಮನಾದದ್ದು ನಿಜ. ಆದರೆ ಮಿಕ್ಸಿ ಸುಟ್ಟ ವಾಸನೆ ಬಿಟ್ಟು ತಾನೂ ಸುಮ್ಮನಾಯಿತು. ಅಂದಿನಿಂದ ಅತ್ತೆ ಚಟ್ನಿಯನ್ನು ಒರಳಿನಲ್ಲೇ ರುಬ್ಬಬೇಕಾಗಿ ಬಂತು. ಈ ಒರಳಿನ ವಿಷಯ ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇಷ್ಟಾದರೂ ಮಿಕ್ಸಿಯದು ದೊಡ್ಡ ಅಪರಾಧವಲ್ಲ. ದೊಡ್ಡದು ತೊಟ್ಟಿಲಿನದು. ಒಂದು ಭಾನುವಾರ ಫೋನಿನಲ್ಲಿ ಮಾತಾಡುತ್ತ, ಕೈ ಸುಮ್ಮನಿರದೆ, ಪಕ್ಕದಲ್ಲಿದ್ದ ಖಾಲಿ ತೊಟ್ಟಿಲನ್ನು ತೂಗುತ್ತ ಕೂತಿದ್ದೆ. ಬಿಸಿನೀರು ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

“ಖಾಲಿ ತೊಟ್ಟಿಲು ಯಾರಾದ್ರೂ ತೂಗ್ತಾರೇನ್ರಿ? ಕೂಸಿಗೆ ಹೊಟ್ಟೆನೋವು ಬರ್ತೈತೆ,” ಎಂದರು.

ನಾನು ಮೇಷ್ಟ್ರಲ್ಲವೇ? ತೊಟ್ಟಿಲು ಎನ್ನುವುದು ಒಂದು ಲೋಲಕ, ಅದರ ತೂಗಾಟಕ್ಕೂ ಇನ್ನೊಂದು ಜೀವದ ಕರುಳಿಗೂ ಸಂಬಂಧವಿಲ್ಲ ಎಂದು ಎದ್ದು ನಿಂತು ವಿವರಿಸಿದೆ. ಅತ್ತೆ ಬಿಸಿನೀರು ಆರುವವರೆಗೆ ಕೇಳಿಸಿಕೊಂಡು, ಅಷ್ಟು ಓದಿದವರು ಕೂಸಿನ ಅಳು ಒಂದನ್ನು ನಿಲ್ಲಿಸಿ ತೋರಿಸಲಿ ಎಂದು ಒಳಗೆ ಹೋದರು. ಮಗಳ ಹೊಟ್ಟೆನೋವಿಗೆ ಕಾರಣ ಯಾರೆಂದು ಅಂದು ಹರಿಹರದ ಆ ಬೀದಿಯಲ್ಲಿ ತೀರ್ಮಾನವಾಯಿತು.

ನಗುವ ಮಾತು ಒಂದು ಕಡೆಗಿರಲಿ. ಒಂದು ಸಂಜೆ ನಾನು ಹೋದಾಗ ಶೈಲಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಜೊತೆ ತಾನೂ ಅಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನನ್ನ ಒಣ ಜೋಕಿಗೂ ಬಿದ್ದು ಬಿದ್ದು ನಗುತ್ತಿದ್ದವಳು. ಹೆರಿಗೆಯಾದಾಗಿನಿಂದ ಅವಳ ನಗು ನಾನು ಕೇಳಿಯೇ ಇರಲಿಲ್ಲ. ತನಗೆ ತಾಯಿಯಾಗಲು ಬರುವುದಿಲ್ಲವೇನೋ ಎಂದಳು. ಅವರಿಬ್ಬರನ್ನೂ ದಾವಣಗೆರೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಇರಬೇಕೆನಿಸಿತು. ಅಲ್ಲಿ ಬಾಡಿಗೆ ಮನೆ, ನನ್ನ ಅವ್ವ ಈಗಿಲ್ಲ, ನೋಡಿಕೊಳ್ಳಲು ನಾವಿಬ್ಬರೇ. ಅತ್ತೆಯ ಹತ್ತಿರ ಕೇಳಿದೆ. ಅವರು ಒಂದು ಷರತ್ತು ಹಾಕಿದರು.

“ಒಂದು ಸಂಜೆ ಕೂಸನ್ನ ನೀವೇ ಸುಮ್ನಾಗ್ಸಿ ತೋರಿಸ್ರಿ. ಆಮ್ಯಾಲೆ ಧೈರ್ಯವಾಗಿ ಕಳಿಸ್ತೀನಿ.”

ಬಿ.ಎಡ್. ಪರೀಕ್ಷೆಗೂ ನಾನು ಇಷ್ಟು ಹೆದರಿರಲಿಲ್ಲ. ದಿನವೂ ಕೂರುತ್ತಿದ್ದೆ, ದಿನವೂ ಫೇಲಾಗುತ್ತಿದ್ದೆ.

ಹೀಗಿರುತ್ತ ಒಂದು ಸಂಜೆ ಹೋದರೆ ಮನೆಯೆಲ್ಲ ನಿಶ್ಶಬ್ದ. ಮಾವನವರು ಪಡಸಾಲೆಯಲ್ಲಿ ಟಿವಿಯ ದನಿ ಪೂರ್ತಿ ಇಳಿಸಿ ಕ್ರಿಕೆಟ್ ನೋಡುತ್ತಿದ್ದರು. ಕೂಸೆಲ್ಲಿ ಎಂದು ಸನ್ನೆಯಲ್ಲಿ ಕೇಳಿದೆ. ಅವರು ಟಿವಿಯಿಂದ ಕಣ್ಣು ಕೀಳದೆ ಒಳಗಿನ ಕಡೆ ಕೈ ಬೀಸಿದರು. ಕೋಣೆಯಲ್ಲಿ ಮಬ್ಬುಗತ್ತಲು. ತೊಟ್ಟಿಲಲ್ಲಿ ಕೆಂಪು ಕುಲಾವಿಯ ತುದಿಯೊಂದು ಕಾಣುವಂತೆ, ಶೈಲಾಳ ಹಳೆಯ ಹತ್ತಿ ಸೀರೆ ಹೊದ್ದು ಬೆಚ್ಚಗೆ ಮಲಗಿತ್ತು. ಸೀರೆ ಸರಿಸಿ ನೋಡೋಣವೆಂದುಕೊಂಡೆ. ಮಲಗಿದ ಕೂಸಿನ ಮುಖ ನೋಡಬಾರದು ಎಂದು ಅತ್ತೆ ಹೇಳಿದ್ದು ನೆನಪಾಯಿತು. ಅವರ ಮಾತನ್ನು ನಾನು ನಂಬಿ ನಡೆದದ್ದು ಅದೊಂದೇ ಸಲ.

ಶಬ್ದವಾಗದಂತೆ ಕೂತು ತೂಗತೊಡಗಿದೆ. ಜೋಗುಳ ಬಾರದ್ದರಿಂದ ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಮೂಲವಸ್ತುಗಳನ್ನೇ ರಾಗವಾಗಿ ಹೇಳಿದೆ. ಕೂಸು ಮಿಸುಕಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು; ಓಡಿಹೋಗಿ ಅವಳಿಗೆ ಕೈಮುಗಿದು ಮುಂದಿನ ಮನೆಗೆ ಸಾಗಿಸಿದೆ. ಡ್ರಿಲ್ ಮಾಸ್ತರಿಗೆ ಫೋನು ಮಾಡಿ, ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ಏನೂ ಕಷ್ಟವಿಲ್ಲ, ಸ್ವಲ್ಪ ತಾಳ್ಮೆ ಬೇಕು ಎಂದು ಪಿಸುಮಾತಿನಲ್ಲಿ ಬೋಧಿಸಿದೆ. ಮತ್ತೆ ಬಂದು ತೂಗಿದೆ. ನನ್ನ ಮಗಳು ನನ್ನ ದನಿಗೆ ಒಲಿದಳಲ್ಲ ಎಂದು, ಹೇಳಲು ನಾಚಿಕೆಯಾಗುತ್ತದೆ, ಕಣ್ಣು ತುಂಬಿ ಬಂತು. ಪೊಟ್ಯಾಸಿಯಂ ಹತ್ತಿರ ಬಂದಾಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೈಡ್ರೋಜನ್‌ನಿಂದ ಶುರು ಮಾಡಿದೆ.

ಅಷ್ಟರಲ್ಲಿ ಹಿಂದೆ ಹೆಜ್ಜೆಗಳ ಸದ್ದಾಯಿತು. ನಾನು ತಿರುಗದೆಯೇ ಅಂಗೈ ಎತ್ತಿ ತಡೆದೆ.

“ಮೆಲ್ಲಗೆ ಬರ್ರಿ. ಈಗ ತಾನೇ ಮಲಗೈತೆ.”

“ಯಾರು?” ಎಂದರು ಅತ್ತೆ.

ಉತ್ತರ ಬಂದದ್ದು ನನ್ನ ಮಗಳಿಂದ. ಆದರೆ ತೊಟ್ಟಿಲಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ. ತಿರುಗಿದರೆ ಶೈಲಾ ಅವಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ನೂರ್‌ಜಾನ್ ಅವರು. ಮೂವರೂ ಪಕ್ಕದ ಮನೆಯ ಅಂಗಳದಲ್ಲಿ ಕೂಸನ್ನು ಸುತ್ತಿಸಿಕೊಂಡು ಬಂದಿದ್ದರು. ಅತ್ತೆ ಮುಂದೆ ಬಂದು ತೊಟ್ಟಿಲಿನ ಸೀರೆ ಸರಿಸಿದರು. ಒಳಗೆ ಕುಲಾವಿ ಹಾಕಿಕೊಂಡು ಮಲಗಿದ್ದದ್ದು ಚಟ್ನಿ ರುಬ್ಬುವ ಗುಂಡುಕಲ್ಲು.

ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸುವ ಪದ್ಧತಿಯುಂಟು. ನಾನೇ ನಿಂತು ನೋಡಿದ್ದೆ. ಆದರೆ ನನ್ನ ಲೋಲಕದ ಪಾಠವಾದ ಮೇಲೆ ಅತ್ತೆ, ಅಳಿಯನ ಕೈ ಕಟ್ಟಿಹಾಕುವ ಬದಲು ತೊಟ್ಟಿಲು ಖಾಲಿಯಾದಾಗಲೆಲ್ಲ ಆ ಕಲ್ಲನ್ನು ಅದರಲ್ಲಿ ಮಲಗಿಸುತ್ತಿದ್ದರಂತೆ. ಇದು ಬೀದಿಗೆಲ್ಲ ಗೊತ್ತಿತ್ತು.

ಮೊದಲು ಶೈಲಾಳ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ಆಮೇಲೆ ನಕ್ಕಳು ನೋಡಿ, ಕೂತರೂ ನಿಲ್ಲಲಿಲ್ಲ, ಗೋಡೆಗೆ ಒರಗಿದರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೈಯೆಲ್ಲ ಕುಲುಕುತ್ತಿತ್ತು. ಅವಳ ಎದೆಯ ಮೇಲಿದ್ದ ಕೂಸು ಆ ಕುಲುಕಾಟಕ್ಕೆ ಬೆರಗಾಗಿ, ಅಳು ಅರ್ಧಕ್ಕೇ ಬಿಟ್ಟು, ಅವಳ ಕುತ್ತಿಗೆಗೆ ಮುಖ ಒತ್ತಿ ಸುಮ್ಮನಾಯಿತು. ನೂರ್‌ಜಾನ್ ಅವರು ಮೆಲ್ಲಗೆ ಅದನ್ನು ಎತ್ತಿ ನನ್ನ ಎದೆಗೆ ದಾಟಿಸಿದರು.

“ಈಗ ನೀವು ನಗ್ರಿ,” ಎಂದರು.

ಅವಮಾನವಾದವನಿಗೆ ನಗು ಎಲ್ಲಿಂದ ಬರಬೇಕು? ಮಗಳ ತುಟಿ ಮತ್ತೆ ಸೊಟ್ಟಗಾಗತೊಡಗಿತು. ಗಾಬರಿಯಲ್ಲಿ ತೊಟ್ಟಿಲ ಕಡೆ ನೋಡಿದೆ. ಕೆಂಪು ಕುಲಾವಿ ಹಾಕಿಕೊಂಡ ಕಲ್ಲು ಗಂಭೀರವಾಗಿ ನನ್ನನ್ನೇ ನೋಡುವಂತಿತ್ತು. ನಗು ತಡೆಯಲಾಗಲಿಲ್ಲ. ನನ್ನ ಎದೆಯ ಮೇಲೆ ಮಗಳು ಒಮ್ಮೆ ಬಿಕ್ಕಳಿಸಿ, ಕಣ್ಣು ಮುಚ್ಚಿದಳು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮಗಳನ್ನೂ ಮೊಮ್ಮಗಳನ್ನೂ ಕಳಿಸಲು ಒಳ್ಳೆಯ ದಿನ ಯಾವುದೆಂದು ನೋಡಲು ಪಂಚಾಂಗ ತರಹೋದರು.

ದಾವಣಗೆರೆಗೆ ಬಂದ ಮೇಲೆ ಅಳು ಒಮ್ಮೆಲೇ ನಿಂತಿತೆಂದು ಯಾರೂ ತಿಳಿಯಬಾರದು. ಕೆಲವು ಸಂಜೆ ನನ್ನ ನಗು ನಡೆಯಿತು, ಕೆಲವು ಸಂಜೆ ನಡೆಯಲಿಲ್ಲ. ನಡೆಯದ ದಿನ ನಾನೂ ಶೈಲಾಳೂ ಸರದಿಯಲ್ಲಿ ಎತ್ತಿಕೊಂಡು ತಿರುಗಿದೆವು. ಸಾಕಾದವರು ಕೂಸನ್ನು ಇನ್ನೊಬ್ಬರ ಕೈಗೆ ಕೊಟ್ಟು, ಹೊರಗೆ ನಿಂತು ಉಸಿರು ಬಿಟ್ಟು ಬರುತ್ತಿದ್ದರು. ಮೇಷ್ಟ್ರು ದಿನಾ ದೀಪ ಹಚ್ಚೋ ಹೊತ್ತಿಗೆ ನಗುತ್ತಾರೆ, ಇಂಥ ಸುಖಸಂಸಾರ ನೋಡಿಲ್ಲ ಎಂದು ಕೆಳಗಿನ ಮನೆಯವರು ಎಲ್ಲರಿಗೂ ಹೇಳಿದರಂತೆ. ಡಾಕ್ಟರು ಹೇಳಿದ ತಿಂಗಳುಗಳು ಕಳೆದು ಒಂದು ಸಂಜೆ ಅಳುವೇ ಬರಲಿಲ್ಲ. ನಾವಿಬ್ಬರೂ ಹೆದರಿ ಅವಳ ಹಣೆ ಮುಟ್ಟಿ ನೋಡಿದೆವು.

ಅತ್ತೆ ಕಳಿಸಿಕೊಡುವಾಗ ಮಗಳ ಮಡಿಲು ತುಂಬಿದ ಉಡಿಯಕ್ಕಿಯ ಜೊತೆ ಆ ಗುಂಡುಕಲ್ಲನ್ನೂ ಕೊಟ್ಟಿದ್ದರು. ನಮ್ಮ ಮನೆಯಲ್ಲಿ ಒರಳಿಲ್ಲ, ಮಿಕ್ಸಿಯಿದೆ. ಕಲ್ಲು ಸುಮ್ಮನೆ ಅಡುಗೆಮನೆಯ ಮೂಲೆಯಲ್ಲಿತ್ತು. ಮೊನ್ನೆ ಡ್ರಿಲ್ ಮಾಸ್ತರು ಮನೆಗೆ ಬಂದರು. ಶೈಲಾ ಮಗಳನ್ನು ಎತ್ತಿಕೊಂಡು ತಾರಸಿಯ ಮೇಲಿದ್ದಳು. ನಾನು ಚಹಾ ಸೋಸುತ್ತಿದ್ದೆ. ಇಣುಕಿದರೆ, ಆ ಮನುಷ್ಯ ಮಾತಾಡುತ್ತ ಮಾತಾಡುತ್ತ ಖಾಲಿ ತೊಟ್ಟಿಲನ್ನು ತೂಗುತ್ತಿದ್ದಾನೆ. ಕೈಲಿದ್ದ ಸೋಸುಣಿಗೆ ಎಲ್ಲಿ ಬಿತ್ತೋ ತಿಳಿಯದು. ಮೂಲೆಯ ಕಲ್ಲನ್ನು ಎತ್ತಿ ಟವೆಲಿನಲ್ಲಿ ಸುತ್ತಿ, ಓಡಿಬಂದು ತೊಟ್ಟಿಲಲ್ಲಿ ಮಲಗಿಸಿದೆ. ಅವರು ಕೈ ಹಿಂದಕ್ಕೆಳೆದುಕೊಂಡು, ಇದೇನು ಸಾರ್, ಲೋಲಕದ ಪಾಠ ಮಾಡುವವರು ನೀವು ಎಂದು ಗಟ್ಟಿಯಾಗಿ ಕೇಳಿದರು.

“ಮೆಲ್ಲಗೆ ಮಾತಾಡ್ರಿ,” ಎಂದೆ ನಾನು. “ಈಗ ತಾನೇ ಮಲಗೈತೆ.”