ಇಳಿಸು ಅಂದರೆ ಇಳಿಸು

"ಈ ಕಪ್ಪಿನಿಂದ ಒಂದೇ ಒಂದು ತೊಟ್ಟು ಚಹಾ ಚೆಲ್ಲಲಿ, ಇವತ್ತಿಂದ ಚುಕ್ಕಾಣಿ ನಿನ್ನದು. ಸಾಯೋತನಕ ನಾನದನ್ನ ಮುಟ್ಟಿದರೆ ಕೇಳು."

ಹೀಗಂತ ಡೆಸ್ಮಂಡ್ ಟನಿಕ್ಲಿಫ್ ತನ್ನ ಹೆಂಡತಿ ಮ್ಯಾವಿಸ್‌ಗೆ ಹೇಳಿದ್ದು ಬೆಳಗಿನ ತಿಂಡಿ ಹೊತ್ತಿನಲ್ಲಿ, ಬ್ರೆಡ್ಡಿಗೆ ಕಿತ್ತಳೆ ಮುರಬ್ಬ ಬಳಿಯುತ್ತಾ. ಹೇಳುವಾಗ ಅವನ ಎದೆ ಎಷ್ಟು ಉಬ್ಬಿತ್ತೆಂದರೆ, ಏಳಡಿ ಅಗಲದ ಆ ದೋಣಿಯಲ್ಲಿ ಮ್ಯಾವಿಸ್ ಗೋಡೆಗೆ ಅಂಟಿಕೊಂಡು ಕೂರಬೇಕಾಯಿತು.

ದೋಣಿಯ ಹೆಸರು 'ಪೇಷನ್ಸ್', ಅಂದರೆ ತಾಳ್ಮೆ. ಆ ಸಂಸಾರದಲ್ಲಿ ತಾಳ್ಮೆ ಅಂತ ಇದ್ದದ್ದು ಎರಡೇ ಕಡೆ: ಒಂದು ದೋಣಿಯ ಪಕ್ಕೆಯ ಮೇಲೆ, ಕೆಂಪು ಬಣ್ಣದ ದಪ್ಪಕ್ಷರದಲ್ಲಿ. ಇನ್ನೊಂದು ಮ್ಯಾವಿಸ್ ಹತ್ತಿರ. ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಬರೆಯುವ ಕೆಲಸದಿಂದ ಡೆಸ್ಮಂಡ್ ನಿವೃತ್ತನಾಗಿ ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಐವತ್ತೇಳು ಅಡಿ ಉದ್ದದ ಆ ದೋಣಿಯೇ ಇಬ್ಬರಿಗೂ ಮನೆ, ಇಂಗ್ಲೆಂಡಿನ ಕಾಲುವೆಗಳೇ ಬೀದಿ.

ಕೆಲಸದ ಹಂಚಿಕೆಯೂ ಬಹಳ ಸರಳ. ಚುಕ್ಕಾಣಿ ಅವನದು, ಉಳಿದದ್ದೆಲ್ಲ ಅವಳದು! ತಳಕ್ಕೆ ತುಕ್ಕು ಹಿಡಿಯದಂತೆ ಎರಡು ವರ್ಷಕ್ಕೊಮ್ಮೆ ತಾರು ಬಳಿಯುವವಳು ಅವಳು. ಇಂಜಿನ್ನಿನ ಹಿಂದೆ ನೀರು ಒಳನುಗ್ಗದಂತೆ ತಡೆಯುವ ಗ್ರೀಸಿನ ಬಟ್ಟಲನ್ನು ದಿನಾ ಸಂಜೆ ಒಂದು ಸುತ್ತು ತಿರುಗಿಸುವವಳು ಅವಳು. ಮರೆತರೆ ದೋಣಿ ಕಾಲುವೆಯೊಳಗೆ ಇರುವ ಬದಲು ಕಾಲುವೆ ದೋಣಿಯೊಳಗೆ ಇರುತ್ತದೆ. ದೋಣಿ ತಳ್ಳುವ ನೀರಡಿಯ ಫ್ಯಾನಿಗೆ ಜೊಂಡೋ ಹಳೇ ಚೀಲವೋ ಸುತ್ತಿಕೊಂಡಾಗ ಭುಜದ ತನಕ ತಣ್ಣೀರಿಗೆ ತೋಳಿಳಿಸಿ ಬಿಡಿಸುವವಳೂ ಅವಳೇ. ಡೆಸ್ಮಂಡ್ ಮಾತ್ರ ಹಿಂಭಾಗದಲ್ಲಿ ಸೆಟೆದು ನಿಂತು, ಒಂದು ಕೈ ಚುಕ್ಕಾಣಿಯ ಮೇಲಿಟ್ಟು, ಇನ್ನೊಂದು ಕೈಯಿಂದ ದಡದ ಮೇಲೆ ಹೋಗಿಬರುವವರಿಗೆಲ್ಲ ಆಶೀರ್ವಾದ ಮಾಡುತ್ತಾ ಬರುತ್ತಿದ್ದ.

ಆವತ್ತು ಮ್ಯಾವಿಸ್ ಕೇಳಿದ್ದು ಇಷ್ಟೇ: "ಡೆಸ್ಮಂಡ್, ಇವತ್ತೊಂದು ದಿನ ನಾನು ಚುಕ್ಕಾಣಿ ಹಿಡೀಲಾ?"

"ಇವತ್ತಾ? ಇವತ್ತು ಏನು ದಿನ ಅಂತ ಗೊತ್ತಾ ನಿನಗೆ?"

"ಶನಿವಾರ."

"ಪಾಠದ ದಿನ ಮಾರಾಯ್ತಿ, ಪಾಠದ ದಿನ."

ಕೋಲ್ಡ್‌ಬರಿ ಗುಡ್ಡದ ಬುಡದಲ್ಲಿರುವ ಪಬ್ಬಿನ ಅಂಗಳದಲ್ಲಿ ಕಾಲುವೆ ಸಂಘದವರು ಹೊಸಬರಿಗೆ ದೋಣಿ ಪಾಠ ಇಟ್ಟುಕೊಂಡಿದ್ದರು. ಗುರುಗಳು ಡೆಸ್ಮಂಡ್. ಈ ಕರೆಗಾಗಿ ಅವನು ಒಂಬತ್ತು ವರ್ಷ ಕಾದಿದ್ದ, ಕಾಯುತ್ತಾ ಕಾಯುತ್ತಾ 'ದೋಣಿಧರ್ಮ' ಎಂಬ ಪುಸ್ತಿಕೆಯನ್ನೇ ಬರೆದು ಅರವತ್ತೆಂಟು ಸೂತ್ರ ತುಂಬಿಸಿದ್ದ. ಅಲ್ಲಿಗೆ ತಲುಪಲು ಐದು ಲಾಕ್ ಇಳಿಯಬೇಕು. ಅಂಚಿನ ತನಕ ತುಂಬಿದ ಚಹಾದ ಕಪ್ಪನ್ನು ದೋಣಿಯ ಸೂರಿನ ಮೇಲಿಟ್ಟು, ಐದನ್ನೂ ಇಳಿದು, ಶಿಷ್ಯರ ಕಣ್ಣೆದುರೇ ಅದನ್ನು ಕುಡಿಯಬೇಕೆನ್ನುವುದು ಡೆಸ್ಮಂಡನ ಸಂಕಲ್ಪ.

"ಅಷ್ಟು ಹೊತ್ತಿಗೆ ಚಹಾ ಆರಿಹೋಗಿರುತ್ತಲ್ಲ" ಎಂದಳು ಮ್ಯಾವಿಸ್.

"ಕೀರ್ತಿ ಬಿಸಿಯಾಗಿರುತ್ತೆ" ಎಂದ ಡೆಸ್ಮಂಡ್.

ಲಾಕ್ ಅಂದರೆ ಬೀಗವಲ್ಲ. ಕಾಲುವೆ ಗುಡ್ಡ ಇಳಿಯುವಲ್ಲಿ ಕಟ್ಟಿದ ಕಲ್ಲಿನ ತೊಟ್ಟಿ. ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂಬಾಗಿಲು ಮುಚ್ಚಿ, ಮುಂಬಾಗಿಲ ಎಡಬಲದಲ್ಲಿರುವ ತೂಬಿನ ಹಲಗೆಗಳನ್ನು ಮೇಲೆತ್ತಬೇಕು. ಆಗ ನೀರು ಕೆಳಗೆ ಹರಿದು, ನೀರಿನ ಜೊತೆ ದೋಣಿಯೂ ಇಳಿಯುತ್ತದೆ. ಹಲಗೆ ಎತ್ತುವುದು ಒಂದು ಮೊಳ ಉದ್ದದ ಕಬ್ಬಿಣದ ಹಿಡಿಕೆ ತಿರುಗಿಸಿ. ಹನ್ನೊಂದು ವರ್ಷ ಅದನ್ನು ತಿರುಗಿಸಿ, ಎತ್ತು ಎಂದಾಗಲೆಲ್ಲ ಎತ್ತಿನ ಹಾಗೆ ದುಡಿದವಳು ಯಾರೆಂದು ನಾನು ಬೇರೆ ಹೇಳಬೇಕಾಗಿಲ್ಲ.

"ಇವತ್ತು ಹದಿನಾಲ್ಕನೇ ಸೂತ್ರ ನೆನಪಿರಲಿ" ಎಂದು ಡೆಸ್ಮಂಡ್ ಬೆರಳೆತ್ತಿದ. "ಲಾಕಿನಲ್ಲಿ ಹರಟೆ ಕೂಡದು. ನಾನು ಒಂದೇ ಪದದಲ್ಲಿ ಅಪ್ಪಣೆ ಕೊಡ್ತೀನಿ, ನೀನು ಮಾಡ್ತೀಯ. ಇಳಿಸು ಅಂದರೆ ಇಳಿಸು."

"ಏನನ್ನ?"

"ನೋಡು, ಇದೇ ಬೇಡ ಅಂದಿದ್ದು. ಪ್ರಶ್ನೆ ಕೇಳಬಾರದು."

ಮ್ಯಾವಿಸ್ ಕೇಳಲಿಲ್ಲ. ತಟ್ಟೆ ತೊಳೆದಿಟ್ಟು, ಹಿಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಡಕ್ಕೆ ಹಾರಿದಳು.

ಮೊದಲನೇ ಲಾಕಿನಲ್ಲಿ ಎಲ್ಲ ದೇವರು ಮೆಚ್ಚುವಂತೆ ನಡೆಯಿತು. ಡೆಸ್ಮಂಡ್ "ಇಳಿಸು" ಎಂದ. ಮ್ಯಾವಿಸ್ ಒಂದು ತೂಬಿನ ಹಲಗೆ ಎತ್ತಿದಳು, ಬಾಗಿಲ ಮೇಲಿನ ಹಲಗೆಹಾದಿ ದಾಟಿ ಇನ್ನೊಂದನ್ನೂ ಎತ್ತಿದಳು. ದೋಣಿ ಇಳಿಯಿತು. ಕೊನೆಯಲ್ಲಿ ಮಾತ್ರ ಹರಿವ ನೀರಿನ ಸೆಳೆತಕ್ಕೆ ಪೇಷನ್ಸ್ ಒಂದಡಿ ಮುಂದಕ್ಕೆ ಜರುಗಿ, ಚಹಾ ಕಪ್ಪಿನ ಅಂಚಿಗೆ ಬಂದು ಇಣುಕಿ ನೋಡಿ ಹಿಂದೆ ಹೋಯಿತು. ಡೆಸ್ಮಂಡನ ಜೀವ ಬಾಯಿಗೆ ಬಂತು. ಚುಕ್ಕಾಣಿ ಹೋಗಿಯೇಬಿಡುತ್ತಿತ್ತಲ್ಲ!

ಆದ್ದರಿಂದ ಎರಡನೇ ಲಾಕಿನಲ್ಲಿ ಅವನೊಂದು ಉಪಾಯ ಮಾಡಿದ. ದೋಣಿ ಅಲುಗಿದರೆ ತಾನೇ ಚಹಾ ಅಲುಗುವುದು? ಮುಂದಿನ ಹಗ್ಗವನ್ನೂ ಹಿಂದಿನ ಹಗ್ಗವನ್ನೂ ಬಲದಡದ ಗೂಟಗಳಿಗೆ ಎಳೆದು ಕಟ್ಟಿದ. ಕಟ್ಟಿದ್ದು ಸಾಮಾನ್ಯ ಗಂಟಲ್ಲ. ನಲವತ್ತೊಂದನೇ ಸೂತ್ರದಲ್ಲಿ ಚಿತ್ರಸಮೇತ ವಿವರಿಸಿದ, ಸ್ವಂತ ಸಂಶೋಧನೆಯ 'ಟನಿಕ್ಲಿಫ್ ಗಂಟು'. ಎಷ್ಟು ಎಳೆದರೂ ಬಿಚ್ಚದ ಬ್ರಹ್ಮಗಂಟು. ಆಮೇಲೆ ಚಹಾ ನೋಡಿದ. ಕನ್ನಡಿ ಇದ್ದಂತಿತ್ತು.

ದಡದ ಮೇಲಿದ್ದ ಮ್ಯಾವಿಸ್ ಗಂಟು ನೋಡಿದಳು, ಗಂಡನನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಡೆಸ್ಮಂಡ್ ತುಟಿಯ ಮೇಲೆ ಬೆರಳಿಟ್ಟ. ಅವಳು ಬಾಯಿ ಮುಚ್ಚಿಕೊಂಡಳು. ಅರವತ್ತೊಂಬತ್ತನೇ ಸೂತ್ರ ಇರಬೇಕು ಅಂದುಕೊಂಡಳಂತೆ.

"ಇಳಿಸು" ಎಂದ ಡೆಸ್ಮಂಡ್.

ಅವಳು ಒಂದು ತೂಬು ಎತ್ತಿದಳು. ನೀರು ಇಳಿಯಿತು. ದೋಣಿ ಇಳಿಯಲಿಲ್ಲ. ಹೇಗೆ ಇಳಿದೀತು? ಹದಿನೆಂಟು ಟನ್ ಕಬ್ಬಿಣ ಎರಡು ಹಗ್ಗಕ್ಕೆ ಜೋತುಬಿದ್ದು, ಬಲಪಕ್ಕೆ ಮೇಲೆಯೇ ಉಳಿದು, ಎಡಪಕ್ಕೆ ಮಾತ್ರ ನೀರಿನ ಜೊತೆ ಕೆಳಗೆ ಹೊರಟಿತು. ಹಗ್ಗಗಳು ಕೀರಲು ದನಿಯಲ್ಲಿ ನರಳತೊಡಗಿದವು. ಚಹಾದ ಕಪ್ಪು ಸೂರಿನ ಮೇಲೆ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಒಂದು ತೊಟ್ಟೂ ಚೆಲ್ಲದೆ ಎಡಕ್ಕೆ ಜಾರುತ್ತಾ ಹೋಗಿ, ಬಸಿಸಮೇತ ನೀರಿಗೆ ಇಳಿಯಿತು. ಅದರ ಹಿಂದೆಯೇ ಹೂವಿನ ಕುಂಡ, ಹೂವಿನ ಕುಂಡದ ಹಿಂದೆ ಕಲ್ಲಿದ್ದಲ ಬಕೆಟ್ಟು, ಅದರ ಹಿಂದೆ ಒಗೆದು ಮಡಚಿಟ್ಟಿದ್ದ ಡೆಸ್ಮಂಡನ ಪೈಜಾಮ. ಒಳಗೆ ಪಿಂಗಾಣಿ ತಟ್ಟೆಗಳು ಒಂದೊಂದಾಗಿ ಕಪಾಟಿನಿಂದ ರಾಜೀನಾಮೆ ಕೊಡುವ ಸದ್ದು.

ಡೆಸ್ಮಂಡ್ ಚುಕ್ಕಾಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ಎತ್ತಿದ ಹಲಗೆಯನ್ನು ತಕ್ಷಣ ಕೆಳಗಿಳಿಸಿದರೆ ನೀರು ನಿಲ್ಲುತ್ತದೆ, ಬದುಕಿಕೊಳ್ಳಬಹುದು. ಹೆದರಿಕೆಯಲ್ಲೂ ಹದಿನಾಲ್ಕನೇ ಸೂತ್ರ ಮರೆಯದೆ ಒಂದೇ ಪದದಲ್ಲಿ ಕೂಗಿದ:

"ಇಳಿಸು!"

ಮ್ಯಾವಿಸ್‌ಗೆ ಅಪ್ಪಣೆ ಸ್ಪಷ್ಟವಾಗಿತ್ತು. ಮೊದಲನೇ ಲಾಕಿನಲ್ಲೂ ಇದೇ ಪದ, ಎರಡನೆಯದರಲ್ಲೂ ಇದೇ ಪದ. ದೋಣಿ ಇಳಿಯುತ್ತಿಲ್ಲ, ಇವನಿಗೆ ಬೇಗ ಇಳಿಯಬೇಕಂತೆ. ಅವಳು ಬಾಗಿಲ ಮೇಲಿನ ಹಾದಿಯಲ್ಲಿ ಓಡಿಹೋಗಿ ಇನ್ನೊಂದು ತೂಬನ್ನೂ ಪೂರ್ತಿ ಎತ್ತಿಬಿಟ್ಟಳು.

ಈಗ ಪೇಷನ್ಸ್ ತಾಳ್ಮೆ ಕಳೆದುಕೊಂಡಿತು. ದೋಣಿ ಇನ್ನೂ ಒಂದು ಗೇಣು ವಾಲಿತು. ಅಡುಗೆಮನೆಯ ಕಿಟಕಿಯಿಂದ ಸಾಸಿವೆ ಸೀಸೆ ಹೊರಗೆ ಹಾರಿತು.

"ಇಳಿಸೂ! ಇಳಿಸು ಅಂದೆ ಅಲ್ವೇ!"

"ಇನ್ನೆಷ್ಟು ಇಳಿಸಲಿ ಮಾರಾಯ? ಎರಡೂ ಎತ್ತಾಯ್ತು."

"ಎತ್ತಿದ್ದನ್ನ ಇಳಿಸು!"

"ಎತ್ತಿದರೇ ಇಳಿಯೋದು. ಇಳಿಸಿದರೆ ನಿಂತುಬಿಡುತ್ತೆ. ನಿನಗೇನು ಬೇಕು, ಇಳಿಯೋದಾ, ನಿಲ್ಲೋದಾ?"

"ನಿಲ್ಲೋದು!"

"ಹಾಗಾದರೆ ನಿಲ್ಲಿಸು ಅನ್ನೋಕೆ ಏನಾಗಿತ್ತು?"

ಇಷ್ಟು ಹೇಳಿ ಮ್ಯಾವಿಸ್ ಒಂದು ಹಲಗೆ ಇಳಿಸಿದಳು, ಓಡಿದಳು, ಇನ್ನೊಂದು ಇಳಿಸಿದಳು. ಅಲ್ಲಿಂದ ಹಿಂಬಾಗಿಲಿಗೆ ಹೋಗಿ ಆ ಕಡೆಯ ತೂಬನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಮೇಲಿನ ಕಾಲುವೆಯ ನೀರನ್ನು ಒಳಗೆ ಬಿಟ್ಟಳು. ಡೆಸ್ಮಂಡ್ ಅಷ್ಟರಲ್ಲಿ ಗೂಟಕ್ಕೆ ಕೈಚಾಚಿ ತನ್ನ ಗಂಟನ್ನು ಬಿಚ್ಚಲು ಹೆಣಗುತ್ತಿದ್ದ. ಉಗುರಿನಿಂದ ಕಿತ್ತ, ಹಲ್ಲಿನಿಂದ ಕಚ್ಚಿದ. ಸಂಶೋಧನೆ ಸುಳ್ಳಾಗಲಿಲ್ಲ. ಕೊನೆಗೆ ನೀರೇ ಏರಿಬಂದು, ದೋಣಿಯ ಎಡಪಕ್ಕೆಯನ್ನು ಮೆಲ್ಲಗೆ ಎತ್ತಿ ನೆಟ್ಟಗೆ ಮಾಡಿ, ಹಗ್ಗಗಳನ್ನು ಸಡಿಲಿಸಿತು.

ಆಗ ದಡದಿಂದ ಚಪ್ಪಾಳೆ ಕೇಳಿಸಿತು.

ಪಬ್ಬಿನ ಅಂಗಳದಲ್ಲಿ ಕಾದು ಬೇಸತ್ತ ಹನ್ನೆರಡು ಮಂದಿ ಶಿಷ್ಯರು, ಸಂಘದ ಕಾರ್ಯದರ್ಶಿ ಈನಿಡ್ ಅವರನ್ನು ಮುಂದಿಟ್ಟುಕೊಂಡು, ಗುರುಗಳನ್ನು ದಾರಿಯಲ್ಲೇ ಎದುರುಗೊಳ್ಳೋಣವೆಂದು ಗುಡ್ಡ ಹತ್ತಿ ಬಂದಿದ್ದರು. ಎಲ್ಲರ ಕೈಯಲ್ಲೂ 'ದೋಣಿಧರ್ಮ'.

"ಮಿಸ್ಟರ್ ಟನಿಕ್ಲಿಫ್, ಏನಾಯಿತು?" ಎಂದರು ಈನಿಡ್.

ಡೆಸ್ಮಂಡ್ ಹೆಂಡತಿಯತ್ತ ನೋಡಿದ. ಅವಳ ಕಣ್ಣು ಚುಕ್ಕಾಣಿಯ ಮೇಲಿತ್ತು. ಈಗ ನಿಜ ಹೇಳಿದರೆ ಅದು ಕೈಬಿಟ್ಟ ಹಾಗೇ. ಅವನು ಟೊಪ್ಪಿ ಸರಿಮಾಡಿಕೊಂಡು, ಎದೆ ಮತ್ತೆ ಉಬ್ಬಿಸಿ, ಗಂಟಲು ಸರಿಪಡಿಸಿಕೊಂಡ.

"ಏನೂ ಆಗಲಿಲ್ಲ. ಇಳಿಯುವ ಲಾಕಿನಲ್ಲಿ ದೋಣಿ ಕಟ್ಟಿಹಾಕಿದರೆ ಏನಾಗುತ್ತೆ ಅನ್ನೋದು ಬಾಯಲ್ಲಿ ಹೇಳಿದರೆ ಮನಸ್ಸಿಗೆ ಹತ್ತೋದಿಲ್ಲ. ಅದಕ್ಕೇ ಬೇಕಂತಲೇ ಮಾಡಿ ತೋರಿಸಿದೆ. ಪಾಠ ಅಂದರೆ ಹೀಗಿರಬೇಕು."

ಶಿಷ್ಯರು ಬೆರಗಾದರು. ಸ್ವಂತ ಪಿಂಗಾಣಿ ಬಲಿಕೊಟ್ಟು ಪಾಠ ಮಾಡುವ ಗುರುವನ್ನು ಅವರು ಕಂಡಿರಲಿಲ್ಲ. ಮತ್ತೆ ಚಪ್ಪಾಳೆ. ಡೆಸ್ಮಂಡ್ ಹೆಂಡತಿಯ ಕಡೆ ಬಾಗಿ, "ಬೇಕಂತ ಮಾಡಿದ್ದು ಪಂದ್ಯದ ಲೆಕ್ಕಕ್ಕೆ ಬರೋದಿಲ್ಲ" ಎಂದು ಪಿಸುಗುಟ್ಟಿದ. ಮ್ಯಾವಿಸ್ ಹಣೆಯ ಬೆವರು ಒರೆಸಿಕೊಂಡಳು.

ಹಿಂದಿನ ಸಾಲಿನಿಂದ ಹಿಲರಿ ಎನ್ನುವ ಕುಳ್ಳಗಿನ ಹೆಂಗಸು ಕೈಯೆತ್ತಿದರು. ಅಂಚೆ ಕಚೇರಿಯಲ್ಲಿ ಇದ್ದವರು, ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ.

"ಸರ್, ಬಹಳ ಚೆನ್ನಾಗಿತ್ತಂತೆ. ಆದರೆ ನಾವು ಹಿಂದೆ ಇದ್ದವರಿಗೆ ಏನೂ ಕಾಣಿಸಲಿಲ್ಲ. ಮುಂದಿನ ಲಾಕಿನಲ್ಲಿ ಇನ್ನೊಂದು ಸಲ ಮಾಡಿ ತೋರಿಸ್ತೀರಾ?"

ಡೆಸ್ಮಂಡನ ಎದೆ ಅಲ್ಲೇ ಇಳಿಯಿತು. ಅದಕ್ಕೆ ತೂಬು ಎತ್ತಬೇಕಾಗಲಿಲ್ಲ.

"ಅದಕ್ಕೇನಂತೆ" ಎಂದಳು ಮ್ಯಾವಿಸ್, ಹಿಡಿಕೆಯನ್ನು ಭುಜಕ್ಕೇರಿಸಿಕೊಂಡು. "ಇನ್ನೂ ಮೂರು ಲಾಕ್ ಇವೆ. ಮೂರರಲ್ಲೂ ತೋರಿಸ್ತಾರೆ. ಯಾರೂ ನೂಕಾಡಬೇಡಿ, ಎಲ್ಲರಿಗೂ ಮುಂದೆ ನಿಲ್ಲೋಕೆ ಅವಕಾಶ ಸಿಗುತ್ತೆ."

ಡೆಸ್ಮಂಡ್ ದೋಣಿಯ ಒಳಗೆ ಇಣುಕಿದ. ಚೂರುಗಳ ನಡುವೆ ಮ್ಯಾವಿಸ್‌ಳ ತಾಯಿ ಕೊಟ್ಟ ಟೀಪಾಟು ಒಂದೇ ಒಡೆಯದೆ ಕೂತಿತ್ತು. ಇನ್ನೊಂದು ಸಲಕ್ಕೆ ಅದೂ ಉಳಿಯುವುದಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಕಿವಿ ಬಿಸಿಯಾಯಿತು.

"ಅದು... ಬೇಕಂತ ಮಾಡಿದ್ದಲ್ಲ" ಎಂದ. ಅಷ್ಟು ಸಣ್ಣ ದನಿ ಅವನ ಹತ್ತಿರ ಇದೆಯೆಂದು ಮ್ಯಾವಿಸ್‌ಗೂ ಗೊತ್ತಿರಲಿಲ್ಲ. "ತಪ್ಪಾಯ್ತು. ಇಳಿಯುವಾಗ ಗಂಟು ಹಾಕಲೇಬಾರದು. ಹಗ್ಗ ಗೂಟಕ್ಕೆ ಒಂದು ಸುತ್ತು ಸುತ್ತಿ ತುದಿ ಕೈಯಲ್ಲಿ ಹಿಡಿದು, ನೀರು ಇಳಿದ ಹಾಗೆಲ್ಲ ಸಡಿಲ ಬಿಡ್ತಾ ಹೋಗಬೇಕು. ಮ್ಯಾವಿಸ್ ಹಾಗೇ ಮಾಡೋದು. ನಾನು ಅದನ್ನ ಪುಸ್ತಕದಲ್ಲಿ ಬರೆಯಲಿಲ್ಲ."

ಹನ್ನೆರಡು ಮಂದಿಯೂ ಪೆನ್ನು ತೆಗೆದು ಬರೆದುಕೊಂಡರು.

ಮ್ಯಾವಿಸ್ ದೋಣಿಗೆ ಹತ್ತಿ, ಬ್ರೆಡ್ ಕೊಯ್ಯುವ ಚಾಕುವಿನಿಂದ ಟನಿಕ್ಲಿಫ್ ಗಂಟುಗಳನ್ನು ಕೊಯ್ದು, ಹಿಡಿಕೆಯನ್ನು ಗಂಡನ ಕೈಗಿತ್ತು, ಚುಕ್ಕಾಣಿ ಹಿಡಿದಳು.

"ಜೋಪಾನ" ಎಂದ ಡೆಸ್ಮಂಡ್ ದಡದ ಮೇಲಿಂದ. "ಬಲಕ್ಕೆ ಹೋಗಬೇಕಾದರೆ ಎಡಕ್ಕೆ ತಳ್ಳಬೇಕು. ಮೊದಮೊದಲು ಗೊಂದಲ ಆಗುತ್ತೆ. ಹೆದರಬೇಡ, ನಾನಿದ್ದೀನಿ."

ಅವಳು ಹೆದರಲಿಲ್ಲ. ಆ ಲಾಕೂ ಸೇರಿ ನಾಲ್ಕು ಲಾಕಿನ ಎಂಟು ಗೋಡೆಗಳಲ್ಲಿ ಒಂದಕ್ಕೂ ದೋಣಿಯ ಬಣ್ಣ ತಾಗಲಿಲ್ಲ. ಪಬ್ಬಿನ ಎದುರು ಎರಡು ದೋಣಿಗಳ ನಡುವೆ ಅರವತ್ತಡಿ ಜಾಗವಿತ್ತು. ಡೆಸ್ಮಂಡ್ ಆದರೆ ಮುಕ್ಕಾಲು ಗಂಟೆ ತೆಗೆದುಕೊಂಡು, ಇಬ್ಬರ ಹತ್ತಿರವಾದರೂ ಬೈಸಿಕೊಂಡು ನಿಲ್ಲಿಸುತ್ತಿದ್ದ ಜಾಗ. ಮ್ಯಾವಿಸ್ ಒಂದು ಸಲ ಹಿಂದಕ್ಕೆ ತೆಗೆದು ಒಂದು ಸಲ ಮುಂದಕ್ಕೆ ಬಿಟ್ಟು ನಿಲ್ಲಿಸಿ, ಇಂಜಿನ್ ಆರಿಸಿದಳು. ನಾಲ್ಕು ಲಾಕಿನ ಎಂಟು ತೂಬು ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿದ್ದ ಡೆಸ್ಮಂಡ್ ಏದುಸಿರು ಬಿಡುತ್ತಾ ಬಂದು ಹಗ್ಗ ಹಿಡಿದ.

"ಮ್ಯಾವಿಸ್, ನಿಜ ಹೇಳು. ಇದನ್ನೆಲ್ಲ ಯಾವಾಗ ಕಲಿತೆ?"

"ದಿನಾ ಮಧ್ಯಾಹ್ನ ಊಟ ಆದ ಮೇಲೆ ನೀನು ಏನು ಮಾಡ್ತೀಯ?"

"ದೋಣಿ ಮರದ ಕೆಳಗೆ ಕಟ್ಟಿ, ಎರಡು ಗಂಟೆ ಮಲಗ್ತೀನಿ."

"ಹನ್ನೊಂದು ವರ್ಷ ಮಲಗಿದೀಯ ಡೆಸ್ಮಂಡ್. ಮಲಗುವಾಗ ಇದ್ದ ಮರವೇ ಏಳುವಾಗಲೂ ಇತ್ತಾ, ಯಾವತ್ತಾದರೂ?"