ಎಣ್ಣೆ ಬಿಟ್ಟ ಕಾರು

ಹಳೇ ಕಾರು ಇಟ್ಟುಕೊಂಡವನು ಸುಳ್ಳು ಹೇಳದೆ ಬದುಕುವುದು ಕಷ್ಟ. ಮನೆಯಲ್ಲಿ ರೋಗಿ ಇರುವವನಿಗೂ ಅದೇ ಪಾಡು. ದಾರಿಯಲ್ಲಿ ಯಾರಾದರೂ "ಈಗ ಹೆಂಗಿದೆ?" ಎಂದರೆ, ಎರಡಕ್ಕೂ "ಪರವಾಗಿಲ್ಲ, ನಡೀತಾ ಇದೆ" ಎಂದೇ ಹೇಳಬೇಕು. ನಮ್ಮ ಮನೆಯಲ್ಲಿ ಎರಡೂ ಇದ್ದವು. ಇಪ್ಪತ್ತು ವರ್ಷ ದಾಟಿದ ಒಂದು ಬಿಳಿ ಕಾರು, ಎರಡೂ ಕಿಡ್ನಿ ಕೈಕೊಟ್ಟ ನಮ್ಮಣ್ಣ. ಕೇಳಿದವರು ಯಾವುದನ್ನು ಕೇಳುತ್ತಿದ್ದಾರೆ ಎಂಬುದು ತಿಳಿಯದೆ, ಅಣ್ಣನಿಗೆ ಹೊಗೆ ಕಮ್ಮಿಯಾಗಿದೆ ಎಂದೂ ಕಾರಿಗೆ ಊಟ ಸೇರುತ್ತಿದೆ ಎಂದೂ ನಾನು ಹೇಳಿದ್ದುಂಟು.

ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಮದುವೆ ಮಾಡಿಕೊಳ್ಳಲಿಲ್ಲ. ನನ್ನನ್ನು ಓದಿಸಿ ಒಂದು ದಡ ಸೇರಿಸುವಷ್ಟರಲ್ಲಿ ಅವನ ವಯಸ್ಸು ಮೀರಿತ್ತು ಎಂದು ನೆಂಟರು ಹೇಳುತ್ತಾರೆ. ನಾನು ಆ ಮಾತು ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತೇನೆ. ಕಿಡ್ನಿ ಕೆಟ್ಟ ಮೇಲೆ ಅವನು ಗುಬ್ಬಿಯ ನಮ್ಮ ಮನೆಗೇ ಬಂದ. ವಾರಕ್ಕೆರಡು ದಿನ ತುಮಕೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾನು ಕೆಲಸ ಮಾಡುವ ಕಾಲೇಜೂ ತುಮಕೂರಿನಲ್ಲೇ. ಬೆಳಿಗ್ಗೆ ಹೋಗುವಾಗ ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಸಂಜೆ ಬರುವಾಗ ಹತ್ತಿಸಿಕೊಂಡು ಬರುವುದು. ಈ ಕಾರು ನಿಂತುಹೋದರೆ ಅಣ್ಣನ ಗತಿಯೇನು ಎಂಬ ಭಯ ನನಗೆ ಸದಾ ಇತ್ತು. ಭಯವಿದ್ದವನು ಜವಾಬ್ದಾರಿಯಿಂದ ನಡೆದುಕೊಳ್ಳುತ್ತಾನೆ ಎಂದೇನೂ ಇಲ್ಲ.

ಕಾರಿಗಿದ್ದ ಕಾಯಿಲೆ ಎಂದರೆ ಎಣ್ಣೆ ಕುಡಿಯುವುದು. ಒಂದಷ್ಟನ್ನು ನಿಂತಲ್ಲೇ ಸೋರಿಸಿ ಅಂಗಳದ ಚಪ್ಪಡಿಯ ಮೇಲೆ ಕಪ್ಪು ಚುಕ್ಕಿ ಇಡುತ್ತಿತ್ತು. ಉಳಿದದ್ದನ್ನು ಪೆಟ್ರೋಲಿನ ಜೊತೆ ಸುಟ್ಟು ಹಿಂದಿನಿಂದ ನೀಲಿ ಹೊಗೆ ಬಿಡುತ್ತಿತ್ತು. ನಮ್ಮೂರ ಮೆಕ್ಯಾನಿಕ್ಕು ಹೊಗೆಯನ್ನು ಒಮ್ಮೆ ಮೂಸಿ, "ರಿಂಗ್ ಸವೆದಿದೆ ಸಾರ್, ಇಂಜಿನ್ ಬಿಚ್ಚಬೇಕು. ಬಿಚ್ಚೋಕೆ ಮನಸ್ಸಿಲ್ಲ ಅಂದ್ರೆ ದಿನಾ ಬೆಳಿಗ್ಗೆ ಕಡ್ಡಿ ಎತ್ತಿ ನೋಡಿ, ಕಮ್ಮಿಯಾದಷ್ಟು ಹಾಕ್ತಾ ಇರಿ. ಹಿಂಗೇ ಸಾಕಿದ್ರೆ ಇನ್ನೂ ಬಾಳುತ್ತೆ" ಎಂದ. ಕಡ್ಡಿ ಎಂದರೆ ಇಂಜಿನ್ನಿನ ಎಣ್ಣೆ ಅಳೆಯುವ ಸಲಾಕೆ. ಅದರ ತುದಿಯಲ್ಲಿ ಎರಡು ಗೀಟು. ಎಣ್ಣೆ ಆ ಎರಡರ ನಡುವೆ ಇದ್ದರೆ ಕ್ಷೇಮ, ಕೆಳಗಿನ ಗೀಟಿಗಿಂತ ಇಳಿದರೆ ಅಪಾಯ. ಅಪಾಯ ಬಂದಾಗ ಹೊತ್ತಿಕೊಳ್ಳಲೆಂದು ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪವನ್ನೂ ಕಂಪನಿಯವರು ಇಟ್ಟಿರುತ್ತಾರೆ. ನಮ್ಮದು ಕಾರಣವಿಲ್ಲದೆಯೂ ಹೊತ್ತಿಕೊಂಡು ತಲೆ ತಿನ್ನುತ್ತಿದ್ದುದರಿಂದ ಅದರ ವೈರನ್ನು ನಾನೇ ಕೀಳಿಸಿದ್ದೆ.

ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಲೀಟರು ಸುರಿದು ಸುರಿದು ಒಂದು ದಿನ ನನಗೆ ರೋಸಿಹೋಯಿತು. ಊಟದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಇನ್ನೊಂದು ಲೀಟರ್ ಕುಡಿದರೆ ಇದನ್ನ ಗುಜರಿಗೆ ಹಾಕ್ತೀನಿ. ನಾನು ಬಸ್ಸಿಗೆ ಹೋಗ್ತೀನಿ, ಅಣ್ಣನಿಗೆ ಒಂದು ಆಟೋ ಗೊತ್ತು ಮಾಡಿದರಾಯ್ತು" ಎಂದೆ. ಅಣ್ಣ ತಟ್ಟೆಯ ಕಡೆ ನೋಡುತ್ತಾ, "ಗಾಡಿ ಮೇಲೆ ಯಾಕ್ಲಾ ಸಿಟ್ಟು, ಅದಕ್ಕೂ ವಯಸ್ಸಾಗಿದೆ ಬುಡು" ಎಂದ. ಮಾರನೆಯ ದಿನ ನಾನು ತುಮಕೂರಿನ ಒಂದು ಅಂಗಡಿಯಿಂದ ಇಂಜಿನ್ನಿಗೆ ಹಾಕುವ ಟಾನಿಕ್ಕಿನ ಬಾಟಲಿ ತಂದು, ಪೂರ್ತಿ ಸುರಿದೆ. ಎಣ್ಣೆ ಕುಡಿಯುವುದು ನಿಲ್ಲುತ್ತದೆ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಏನು ಹೇಳಲಿ, ನಿಂತೇಹೋಯಿತು! ದಿನಾ ಬೆಳಿಗ್ಗೆ ಅರ್ಧ ಗಂಟೆ ಇಷ್ಟಲಿಂಗ ಪೂಜೆಗೆ ಕೂರುವುದು ನನ್ನ ಪದ್ಧತಿ. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಳಕ್ಕೆ ಬಂದು ಕಡ್ಡಿ ಎತ್ತಿದರೆ ಎಣ್ಣೆ ಮೇಲಿನ ಗೀಟಿನಲ್ಲೇ ಇರುತ್ತಿತ್ತು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ, ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಸಂತೋಷ ತಡೆಯಲಾರದೆ ಬಾನೆಟ್ಟಿಗೂ ಮೂರು ಬೆರಳು ವಿಭೂತಿ ಎಳೆದೆ. ಹೊಗೆ ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು. ಬೀಡಿ ಬಿಟ್ಟವನಿಗೂ ಕೆಲವು ಕಾಲ ಕೆಮ್ಮು ಇರುತ್ತದಲ್ಲ, ಹಾಗೆ ಎಂದುಕೊಂಡೆ. ಕಾಲೇಜಿನಲ್ಲಿ ನಾನು ಹೇಳುವ ಪಾಠ ಭೌತಶಾಸ್ತ್ರ ಎಂಬುದನ್ನು ಇಲ್ಲಿ ತಗ್ಗಿದ ದನಿಯಲ್ಲಿ ತಿಳಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನ ಪ್ರಚಾರ ಕೇಳಿ ಮೂವರು ಸಹೋದ್ಯೋಗಿಗಳು ಅದೇ ಬಾಟಲಿ ಕೊಂಡರು. ಯಾರ ಕಾರೂ ಎಣ್ಣೆ ಕುಡಿಯುವುದನ್ನು ಬಿಡಲಿಲ್ಲ. "ನಂಬಿಕೆ ಇರಬೇಕು" ಎಂದೆ. ಎರಡು ತಿಂಗಳಾದ ಮೇಲೆ ಕಡ್ಡಿ ಎತ್ತಿ ನೋಡುವುದನ್ನೂ ಬಿಟ್ಟುಬಿಟ್ಟೆ. ವಾಸಿಯಾದವನಿಗೆ ದಿನಾ ಥರ್ಮಾಮೀಟರ್ ಇಡುವುದು ಯಾವ ಮರ್ಯಾದೆ?

ಹೋಗುವಾಗ ಬರುವಾಗ ಅಣ್ಣನಿಗೂ ಇದೇ ಪ್ರವಚನ. ಟಾನಿಕ್ಕಿನ ಮಹಿಮೆ ಮುಗಿದರೆ ನೀರಿನ ವಿಷಯ ತೆಗೆಯುತ್ತಿದ್ದೆ. ಡಯಾಲಿಸಿಸ್ಸಿನವರು ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಡಾಕ್ಟರು ಅಳತೆ ಕೊಟ್ಟಿರುತ್ತಾರೆ. ಅದನ್ನು ನಾನೇ ಒಂದು ಬಾಟಲಿಗೆ ತುಂಬಿಸಿಟ್ಟು, ಸಂಜೆ ಎಷ್ಟು ಉಳಿದಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಈ ಬೇಸಿಗೆಯಲ್ಲಿ ಒಂದು ದಿನ ಅವನು ಕದ್ದು ಅರ್ಧ ಲೋಟ ಮಜ್ಜಿಗೆ ಕುಡಿದದ್ದಕ್ಕೆ ಗುಬ್ಬಿಯಿಂದ ತುಮಕೂರಿನ ತನಕ ಬೈದಿದ್ದೇನೆ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಮನುಷ್ಯ, ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ಗಾಡಿ ಎಣ್ಣೆ ಕುಡಿಯೋದು ಪೂರಾ ನಿಲ್ಲಿಸ್ತೇನ್ಲಾ?" ಎಂದು ತಾನೇ ಮಾತು ತಿರುಗಿಸಿದ. "ಪೂರಾ" ಎಂದೆ. "ಒಳ್ಳೇದಾಯ್ತು ಬುಡು" ಎಂದ.

ಕಳೆದ ತಿಂಗಳು ಅಣ್ಣನಿಗೆ ಉಸಿರು ಕಟ್ಟಿ, ಐಸಿಯುಗೆ ಸೇರಿಸಿದೆವು. ಹದಿನೈದು ದಿನ ಗುಬ್ಬಿಗೂ ತುಮಕೂರಿಗೂ ದಿನಕ್ಕೆರಡು ಸಲ ಓಡಾಡಿದೆ. ಕೊನೆಯ ದಿನಗಳಲ್ಲಿ ಅವನ ಬಾಯಿಗೆ ಕೊಳವೆ ಹಾಕಿದ್ದರು, ಮಾತಿರಲಿಲ್ಲ. ಒಮ್ಮೆ ಮಾತ್ರ ಕೈ ಎತ್ತಿ, ಎರಡು ಬೆರಳಿಂದ ಏನನ್ನೋ ಮೇಲಕ್ಕೆ ಎಳೆಯುವ ಹಾಗೆ ಮಾಡಿ ನನ್ನ ಮುಖ ನೋಡಿದ. ಕೊಳವೆ ತೆಗೆಯಿರಿ ಎನ್ನುತ್ತಿದ್ದಾನೆ ಎಂದುಕೊಂಡು, "ಅದೆಲ್ಲಾ ತೆಗೆಯೋ ಹಂಗಿಲ್ಲಣ್ಣ, ಸುಮ್ನಿರು" ಎಂದು ಅಲ್ಲಿಯೂ ಗದರಿದೆ. ಮೂರನೆಯ ದಿನ ಹೋಗಿಬಿಟ್ಟ.

ಅಣ್ಣನ ಉತ್ತರಕ್ರಿಯೆಗೆ, ಅಂದರೆ ಶಿವಗಣಾರಾಧನೆಗೆ, ಕಾರ್ಡು ಅಚ್ಚಾಯಿತು. ನಮ್ಮ ಕಡೆ ಹತ್ತಿರದವರಿಗೆ ಕಾರ್ಡನ್ನು ಕೈಯಲ್ಲೇ ಕೊಟ್ಟು ಕರೆಯಬೇಕು. ಫೋನಿನಲ್ಲಿ ಕಳಿಸಿದರೆ ಸಾವಿಗಿಂತ ದೊಡ್ಡ ಸುದ್ದಿ ಅದೇ ಆಗುತ್ತದೆ. ಮಾರ್ಕೋನಹಳ್ಳಿಯಲ್ಲಿರುವ ಸೋದರಮಾವನನ್ನು ಕರೆಯಲೆಂದು ಒಬ್ಬನೇ ಕಾರಿನಲ್ಲಿ ಹೊರಟೆ. ತುಮಕೂರು ದಾಟಿ, ಹೆಬ್ಬೂರು ಇನ್ನು ಸ್ವಲ್ಪ ದೂರ ಎನ್ನುವಾಗ ಇಂಜಿನ್ನಿನಲ್ಲಿ ಕಲ್ಲು ಕುಟ್ಟಿದ ಸದ್ದು ಬಂತು. ಆಮೇಲೆ ಒಂದೇ ಸಲ ಎಲ್ಲವೂ ನಿಂತಿತು.

ಹೆಬ್ಬೂರಿನಿಂದ ಒಬ್ಬ ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದರು, ಅರವತ್ತರ ಹತ್ತಿರದವರು. ಬಾನೆಟ್ ಎತ್ತಿದರು, ಕಡ್ಡಿ ಎಳೆದರು, ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಅದ್ದಿ ತೆಗೆದು ನನಗೆ ತೋರಿಸಿದರು. ತುದಿಯಲ್ಲಿ ಒಂದು ತೊಟ್ಟೂ ಇರಲಿಲ್ಲ.

"ಇಂಜಿನ್ ಹಿಡ್ಕೊಂಡು ಹೋಗಿದೆ. ಇನ್ನು ಏಳಲ್ಲ. ಎಣ್ಣೆ ಯಾಕೆ ಹಾಕಿಲ್ಲ ಸಾರ್?"

"ಇದು ಎಣ್ಣೆ ತಿನ್ನಲ್ಲ. ಬಿಟ್ಟು ಎಂಟು ತಿಂಗಳಾಯ್ತು" ಎಂದೆ.

ಅವರು ಕಾರಿನ ಹಿಂದಕ್ಕೆ ಹೋಗಿ ಸೈಲೆನ್ಸರ್ ಕೊಳವೆಯೊಳಗೆ ಬೆರಳು ಆಡಿಸಿ, ಜಿಡ್ಡು ಹಿಡಿದ ಕರಿಯ ಬೆರಳನ್ನು ನನ್ನ ಮುಂದೆ ಹಿಡಿದರು. "ಬಿಟ್ಟಿರೋ ಗಾಡಿ ಕಕ್ಕೋದಾ ಇದು?"

ಹೆಂಡತಿ ಗಿರಿಜೆಗೆ ಫೋನ್ ಮಾಡಿ, ಆ ಟಾನಿಕ್ಕಿನ ಕಂಪನಿಯವರ ವಂಶವನ್ನೆಲ್ಲ ಜಾಲಾಡಿದೆ. ಅವಳು ನಡುವೆಯೇ ತಡೆದಳು.

"ರೀ, ಕೋಪ ಮಾಡ್ಕೋಬೇಡಿ. ನೀವು ಪೂಜೆಗೆ ಕೂತಾಗ ದಿನಾ ಭಾವನೇ ಎಣ್ಣೆ ಹಾಕ್ತಿದ್ರು. ಡಬ್ಬ ನಾನೇ ತಂದ್ಕೊಡ್ತಿದ್ದೆ, ರಾಗಿ ಡ್ರಮ್ಮಿನ ಹಿಂದೆ ಇಡ್ತಿದ್ವಿ. ಕೈ ನಡುಗ್ತಿತ್ತಲ್ಲ, ಒಂದೊಂದು ದಿನ ನಾನು ಆಲಿಕೆ ಹಿಡ್ಕೊಳ್ತಿದ್ದೆ. ಚಪ್ಪಡಿ ಮೇಲೆ ಬಿದ್ದಿದ್ದನ್ನೂ ಅವ್ರೇ ಬೂದಿ ಹಾಕಿ ಉಜ್ಜೋರು. ಅವ್ರು ಆಸ್ಪತ್ರೆ ಸೇರಿದ ಗಾಬರೀಲಿ ನನಗೂ ಮರ್ತೇಹೋಯ್ತು ಕಣ್ರೀ."

"ನನಗೆ ಹೇಳೋಕೆ ಏನಾಗಿತ್ತು?"

"ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಕಾರು ಹೋದ್ರೆ ನನ್ನ ಆಟೋಗೆ ಹತ್ತಿಸಿ ಕಳಿಸ್ತಾನೆ, ಆಮೇಲೆ ಅವನು ನನ್ನ ಕೈಗೆ ಸಿಗಲ್ಲ ಕಣವ್ವ ಅಂತಿದ್ರು. ವಾರಕ್ಕೆ ಎರಡು ದಿನನಾದ್ರೂ ಅವನ ಪಕ್ಕ ಕೂತ್ಕೊಂಡು ಮಾತಾಡಬಹುದಲ್ಲ ಅಂತಿದ್ರು."

ಮಾತಾಡಿದ್ದೆಲ್ಲ ನಾನೇ. ರಸ್ತೆಯ ಪಕ್ಕದ ತೆಂಗಿನ ತೋಟದ ಕಡೆ ಮುಖ ಮಾಡಿ ಅತ್ತೆ. ಆಸ್ಪತ್ರೆಯಲ್ಲಿ ಅವನು ಎರಡು ಬೆರಳಿಂದ ಎಳೆದು ತೋರಿಸಿದ್ದು ಕಡ್ಡಿಯನ್ನು ಎಂಬುದು ಆಗ ತಿಳಿಯಿತು.

ಕಣ್ಣೊರೆಸಿಕೊಂಡು ಬಂದು, "ಇಷ್ಟು ದಿನ ಈ ಗಾಡಿ ನೋಡ್ಕೊಂಡಿದ್ದು ನಾನಲ್ಲ, ನಮ್ಮಣ್ಣ" ಎಂದೆ.

ಮೆಕ್ಯಾನಿಕ್ಕಿನ ಮುಖ ಬದಲಾಯಿತು. "ಅದನ್ನ ಮೊದಲೇ ಹೇಳಬಾರದಾ? ಈ ಇಂಜಿನ್ನನ್ನ ಎಂಟು ತಿಂಗಳು ಓಡಿಸಿದಾರೆ ಅಂದ್ರೆ ಸಾಮಾನ್ಯರಲ್ಲ. ಒಂದು ದಿನ ತಪ್ಪಿಸಿರಲ್ಲ ಅವ್ರು. ಫೋನ್ ಮಾಡಿ ಕೊಡಿ ಸಾರ್, ಮುಂದಿನ ಮಾತು ಅವ್ರ ಹತ್ರಾನೇ ಆಡ್ತೀನಿ."

ಸೀಟಿನ ಮೇಲಿದ್ದ ಕಟ್ಟಿನಿಂದ ಒಂದು ಕಾರ್ಡು ತೆಗೆದು ಕೊಟ್ಟೆ. ಅವರು ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಅಣ್ಣನ ಫೋಟೋ ನೋಡಿದರು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಓದಿದರು, ಮಡಿಸದೆ ಜೇಬಿಗಿಟ್ಟುಕೊಂಡರು. "ಬರ್ತೀನಿ ಸಾರ್" ಎಂದರು. ನಾನು ಕಾರ್ಡು ಕೊಟ್ಟು ಕರೆದವರಲ್ಲಿ ಅಣ್ಣನ ಕೆಲಸ ಎಂಥದು ಎಂದು ತಿಳಿದು ಬರುವವರು ಅವರೊಬ್ಬರೇ. ಕರೆದವನಿಗಂತೂ ಅದು ಗೊತ್ತಿರಲಿಲ್ಲ.